ಕಿವಿಯ ಕಾಗದಪತ್ರ

ನಾಯಿಯನ್ನು ಕರೆದುಕೊಂಡು ಪರದೇಶಕ್ಕೆ ಹೋಗುವುದು ಇಂಗ್ಲೆಂಡಿನಲ್ಲಿ ದೊಡ್ಡ ಸುದ್ದಿಯೇನಲ್ಲ. ಬೇಸಿಗೆ ರಜೆ ಬಂತೆಂದರೆ ಫ್ರಾನ್ಸಿನ ಕಡೆ ಹೊರಟ ಕಾರುಗಳ ಕಿಟಕಿಗೆ ಮೂಗೊತ್ತಿ ಕೂತ ನಾಯಿಗಳು ದಾರಿಯುದ್ದಕ್ಕೂ ಕಾಣಸಿಗುತ್ತವೆ. ಕಳೆದ ಬೇಸಿಗೆಯಲ್ಲಿ ನಾವೂ ಹಾಗೆ ಹೊರಟೆವು. ನಾನು, ನನ್ನ ಗಂಡ, ಮಗಳು, ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ನಮ್ಮ ಜೊತೆ ಇರಲೆಂದು ಬಂದಿದ್ದ ಅವ್ವ, ಮತ್ತು ಕಿವಿ. ಕಿವಿ ನಮ್ಮ ಸ್ಪೇನಿಯಲ್ ನಾಯಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಊರು ಬಿಟ್ಟು ಬಂದ ನಮ್ಮಂಥವರು ಮನೆಗೆ ತರುವ ಜೀವಕ್ಕೆ ಇಡುವ ಹೆಸರಿನಲ್ಲಾದರೂ ಮಲೆನಾಡಿನ ಒಂದು ಎಳೆ ಇಟ್ಟುಕೊಳ್ಳಲು ನೋಡುತ್ತೇವೆ.

ಸುತ್ತಾಡಿ ಬಂದ ಮೇಲೆ ಉಳಿದ ಪ್ರವಾಸಗಳಂತೆ ಇದೂ ನಾಲ್ಕು ಫೋಟೊಗಳಾಗಿ ಮೊಬೈಲಿನಲ್ಲಿ ಕೂತುಬಿಡಬೇಕಿತ್ತು. ಕೂರಲಿಲ್ಲ. ಜೂರಾ ಬೆಟ್ಟಗಳ ತಪ್ಪಲಿನ ಅರ್ಬ್ವಾ ಎಂಬ ಸಣ್ಣ ಊರಿನಲ್ಲಿ ಅವ್ವ ಹೇಳಿದ ಒಂದು ಮಾತು ಈಗಲೂ ಕೆಲಸದ ನಡುವೆ, ಅಡುಗೆಯ ನಡುವೆ ಎದ್ದು ಬರುತ್ತದೆ. ಆ ಮಾತಿನವರೆಗೆ ಹೋದ ದಾರಿಯನ್ನು ಬರೆದಿಡಬೇಕು ಅನ್ನಿಸಿ ಇಲ್ಲಿ ಕೂತಿದ್ದೇನೆ.

ಹೊರಡುವ ಮೊದಲೇ ಕಾಗದಗಳ ಕೆಲಸ ಶುರುವಾಗಿತ್ತು. ಅವ್ವನದು ಬೆಂಗಳೂರಿನಲ್ಲೇ ಮುಗಿದಿತ್ತು. ಬೆರಳಚ್ಚು, ಬ್ಯಾಂಕಿನ ಲೆಕ್ಕ, ಪಹಣಿಯ ನಕಲು, ನಮ್ಮ ಆಹ್ವಾನದ ಪತ್ರ ಎಲ್ಲ ಕೊಟ್ಟು ಅವಳು ಫ್ರಾನ್ಸಿನ ವೀಸಾ ಒತ್ತಿಸಿಕೊಂಡೇ ಬಂದಿದ್ದಳು. ಕಿವಿಯದು ಬಾಕಿ ಇತ್ತು. ಮೊದಲು ಇಲ್ಲಿನ ನಾಯಿಗಳಿಗೆ ಯುರೋಪಿನ ನೀಲಿ ಪಾಸ್‌ಪೋರ್ಟ್ ಇರುತ್ತಿತ್ತು. 2021ರ ಜನವರಿ 1ರಿಂದ, ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಿದ್ದ ಮೇಲೆ, ಇಲ್ಲಿ ಕೊಟ್ಟ ಆ ಪುಸ್ತಕ ನಡೆಯುವುದಿಲ್ಲ. ಪ್ರತಿ ಸಲ ಹೊರಡುವಾಗಲೂ ಹೊಸ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಸರ್ಕಾರದ ಮಾನ್ಯತೆಯಿರುವ ಪಶುವೈದ್ಯರೇ, ಪಯಣಕ್ಕೆ ಹಿಂದಿನ ಹತ್ತು ದಿನಗಳ ಒಳಗೆ ಬರೆದುಕೊಡಬೇಕು. ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೊಚಿಪ್ ಇರಬೇಕು, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು, ಮೊದಲ ಲಸಿಕೆಯಾಗಿದ್ದರೆ ಹಾಕಿಸಿ 21 ದಿನ ಕಳೆದಿರಬೇಕು.

ನಮ್ಮ ಬಡಾವಣೆಯ ಪಶುವೈದ್ಯೆ ಆ ಪತ್ರವನ್ನು ತುಂಬುವುದನ್ನು ಅವ್ವ ಎದುರಿಗೆ ಕೂತು ನೋಡಿದಳು. ಇಂಗ್ಲಿಷ್, ಫ್ರೆಂಚ್ ಎರಡೂ ಅಕ್ಕಪಕ್ಕ ಇರುವ ಹಾಳೆಗಳು. ಹದಿನೈದು ಅಂಕಿಯ ಚಿಪ್ ಸಂಖ್ಯೆ, ಲಸಿಕೆಯ ಹೆಸರು, ಬಾಟಲಿಯ ಬ್ಯಾಚ್ ಸಂಖ್ಯೆ, ಹಾಕಿದ ತಾರೀಖು, ತೀರುವ ತಾರೀಖು. ಬೇಡದ ಸಾಲುಗಳನ್ನೆಲ್ಲ ಆಕೆ ಸ್ಕೇಲ್ ಇಟ್ಟು ಹೊಡೆದುಹಾಕಿ, ಹೊಡೆದ ಕಡೆಯಲ್ಲೆಲ್ಲ ಸಹಿ ಹಾಕಿ, ಮುದ್ರೆ ಒತ್ತಿದಳು. ಅವ್ವ ಕೊನೆಯವರೆಗೂ ಒಂದೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ, “ನಂದೂ ಇದೇ ತರ ಅಲ್ವೇನೆ? ಯಾರೋ ಒಬ್ರು ಇವಳು ಇಂಥೋಳು, ಇವಳಿಂದ ನಿಮಗೇನೂ ತೊಂದ್ರೆ ಇಲ್ಲ ಅಂತ ಬರ್ಕೊಡಬೇಕು” ಅಂದಳು.

ಪ್ರಾಣಿಗಳ ಕಾಯಿಲೆಯ ಭಯ ಅಡುಗೆಮನೆಗೂ ಬಂತು. ಬ್ರಿಟನ್ನಿನಿಂದ ಹೋಗುವವರು ಮಾಂಸ, ಹಾಲಿನ ಪದಾರ್ಥ ಯಾವುದನ್ನೂ ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಅವ್ವ ಕಾಯಿಸಿಟ್ಟಿದ್ದ ತುಪ್ಪ ಮನೆಯಲ್ಲೇ ಉಳಿಯಿತು. ಮಾಂಸ ಬೆರೆತ ಕಿವಿಯ ಆಹಾರದ ಚೀಲವೂ ಉಳಿಯಿತು. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ ಡಬ್ಬಿಗಳಾಗಿ ಕಾರು ಹತ್ತಿದವು.

ವಿಮಾನದಲ್ಲಿ ವಾಪಸು ಬರುವುದಾದರೆ ಬ್ರಿಟನ್ನಿಗೆ ನಾಯಿ ಸರಕಿನ ಲೆಕ್ಕದಲ್ಲೇ ಬರಬೇಕು. ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವ ಯೂರೊಸ್ಟಾರ್ ರೈಲಿನಲ್ಲಿ ಅಂಗವಿಕಲರ ನೆರವಿನ ನಾಯಿಗಳಿಗೆ ಬಿಟ್ಟರೆ ಬೇರೆಯವಕ್ಕೆ ಜಾಗವಿಲ್ಲ. ಹಾಗಾಗಿ ನಾಯಿಯಿರುವ ಸಂಸಾರಗಳಲ್ಲಿ ಬಹಳಷ್ಟು ಫೋಕ್‌ಸ್ಟೋನಿನಲ್ಲಿ ಕಾರಿನ ಸಮೇತ ರೈಲು ಹತ್ತುತ್ತವೆ. ಫ್ರಾನ್ಸಿನ ಪೊಲೀಸರು ಇಂಗ್ಲೆಂಡಿನ ನೆಲದಲ್ಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ಅವ್ವನ ಪುಸ್ತಕವನ್ನು ಉಳಿದವರದಕ್ಕಿಂತ ಹೆಚ್ಚು ಹೊತ್ತು ತಿರುವಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ಆಮೇಲೆ ಕಾರು ಉದ್ದನೆಯ ಬೋಗಿಯೊಳಕ್ಕೆ ನುಗ್ಗಿತು, ಬಾಗಿಲು ಬಿತ್ತು. ಕಲೇ ತಲುಪಲು 35 ನಿಮಿಷ. 1994ರಲ್ಲಿ ತೆರೆದ ಈ ಸುರಂಗ 50 ಕಿಲೋಮೀಟರ್ ಉದ್ದವಿದೆ, ಅದರಲ್ಲಿ 38 ಕಿಲೋಮೀಟರ್ ಸಮುದ್ರದ ತಳದ ಕೆಳಗೆ. ತಲೆಯ ಮೇಲೆ ಸಮುದ್ರ ಇದೆ ಅಂದಾಗ ಅವ್ವ ಸೀಟಿನ ಅಂಚು ಹಿಡಿದಳು. ಹಿಂದೆ ಕೂತ ಕಿವಿ ಅವಳ ಭುಜದ ಮೇಲೆ ಗದ್ದ ಊರಿತು. ಮನೆಯಲ್ಲಿ ಮೂಗು ತಾಗಿದರೂ ಸೆರಗು ಕೊಡವುತ್ತಿದ್ದವಳು ಆವತ್ತು ಅದನ್ನು ದೂಡಲಿಲ್ಲ.

ಅವ್ವನಿಗೆ ನಾಯಿ ಕಂಡರೆ ಆಗುವುದಿಲ್ಲ ಎಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ನಮ್ಮ ಹಳ್ಳಿ ಮನೆಯಲ್ಲಿ ನಾಯಿಯ ಜಾಗ ಜಗಲಿಯ ಕೆಳಗೆ. ದಿನಾ ಎರಡು ಹೊತ್ತು ಅದಕ್ಕೆ ಮುದ್ದೆ ಬೀಳುತ್ತಿತ್ತು, ಆದರೆ ಹೊಸ್ತಿಲು ದಾಟುವಂತಿರಲಿಲ್ಲ. ಮಕ್ಕಳು ಮರಿಯನ್ನು ಎತ್ತಿಕೊಂಡರೆ ಅವ್ವ ಕೂಗಾಡಿಬಿಡುತ್ತಿದ್ದಳು. ಮೊದಲ ರಾತ್ರಿ ರಾಂಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಬಡಿಸುವ ಹುಡುಗ ನಮಗೆ ಊಟದ ಪಟ್ಟಿ ಕೊಡುವ ಮೊದಲೇ ಕಿವಿಗೊಂದು ಬಟ್ಟಲು ನೀರು ತಂದಿಟ್ಟ. ಪಕ್ಕದ ಮೇಜಿನ ಕೆಳಗೂ ಒಂದು ಮುದಿ ನಾಯಿ ಮಲಗಿತ್ತು. ಅನ್ನದ ಜಾಗದಲ್ಲಿ ನಾಯಿಯೇ ಅಂತ ಅವ್ವನ ಕಣ್ಣು ಕೇಳುತ್ತಿತ್ತು. ಬಾಯಿ ಕೇಳಿದ್ದು ಬೇರೆ: “ಬೀದೀಲಿ ಒಂದೂ ನಾಯಿ ಕಾಣ್ಲಿಲ್ವಲ್ಲ, ಇಲ್ಲಿ ಎಲ್ಲಾ ನಾಯಿಗೂ ಮನೆ ಐತಾ?”

ಎಲ್ಲ ನಾಯಿಗೂ ಇಲ್ಲ. ಫ್ರಾನ್ಸಿನ ಪ್ರಾಣಿದಯಾ ಸಂಘಗಳ ಆಶ್ರಯತಾಣಗಳು ತುಂಬಿ ತುಳುಕುವುದು ಬೇಸಿಗೆ ರಜೆಯಲ್ಲೇ. ಸಮುದ್ರತೀರಕ್ಕೆ ಹೊರಟ ಸಂಸಾರಗಳಲ್ಲಿ ಕೆಲವು ತಮ್ಮ ನಾಯಿ ಬೆಕ್ಕುಗಳನ್ನು ಕಟ್ಟಿಹಾಕಿ, ಬಿಟ್ಟು ಹೋಗಿಬಿಡುತ್ತವೆ. 2021ರ ನವೆಂಬರಿನಲ್ಲಿ ಅಲ್ಲಿ ಹೊಸ ಕಾನೂನು ಬಂತು. ಮೊದಲ ಸಲ ಪ್ರಾಣಿ ಸಾಕುವವರು ಅದರ ಹೊಣೆ ಏನೆಂದು ತಿಳಿದಿದ್ದೇವೆಂದು ಸಹಿ ಮಾಡಿ, ಏಳು ದಿನ ಯೋಚಿಸಿ, ಆಮೇಲೆ ಮನೆಗೆ ತರಬೇಕು. 2024ರಿಂದ ಅಂಗಡಿಗಳಲ್ಲಿ ನಾಯಿ ಬೆಕ್ಕುಗಳ ಮಾರಾಟವೂ ನಿಂತಿದೆ. ರಜೆಗೆ ಸಾಕುಪ್ರಾಣಿಯನ್ನು ಕರೆದೊಯ್ಯುವುದು ಶ್ರೀಮಂತರ ಶೋಕಿ ಅಂತ ನಮ್ಮ ಕಡೆ ಅನ್ನುವವರಿದ್ದಾರೆ. ಕರೆದೊಯ್ಯದಿದ್ದರೆ ಏನಾಗುತ್ತದೆ ಅನ್ನುವುದನ್ನು ಕಂಡ ಸಮಾಜ ಅದಕ್ಕೆ ದಾರಿ ಮಾಡಿಕೊಟ್ಟಿದೆ ಅಂತ ನನಗೆ ಅನ್ನಿಸಿತು. ಜೊತೆಗಿಟ್ಟುಕೊಳ್ಳುತ್ತೇನೆ ಅಂದ ಮೇಲೆ ರಜೆಯಲ್ಲೂ ಇಟ್ಟುಕೊಳ್ಳಬೇಕು.

ಷಾಂಪೇನಿನ ಬಯಲು ದಾಟಿ, ದಿಜೋನ್ ದಾಟಿ, ಜೂರಾ ಬಂತು. ನೆಲ ಮೊದಲು ಅಲೆಯಾಗಿ, ಆಮೇಲೆ ಗೋಡೆಯಾಗಿ ಏಳುತ್ತದೆ. ಸುಣ್ಣಕಲ್ಲಿನ ಬೆಟ್ಟವನ್ನು ಯಾರೋ ಕೊಡಲಿಯಿಂದ ಸೀಳಿದಂತೆ ಕಣಿವೆ ಒಳಕ್ಕೆ ಹೋಗಿ ಒಂದು ಕಲ್ಲುಗೋಡೆಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಆ ಗೋಡೆಯ ಬುಡದಿಂದ ಹೊಳೆ ಹುಟ್ಟುತ್ತದೆ. ಅರ್ಬ್ವಾ ಊರಿನ ನಡುವೆ ಹರಿಯುವ ಕ್ವಿಸಾನ್ಸ್ ಹೊಳೆಯೂ ಅಂಥದೇ ಕಣಿವೆಯಿಂದ ಬರುತ್ತದೆ. ಇಳಿಜಾರೆಲ್ಲ ದ್ರಾಕ್ಷಿ ತೋಟ, ಮೇಲಿನ ಬಯಲೆಲ್ಲ ಹುಲ್ಲು, ಹುಲ್ಲಿನ ಮೇಲೆ ಕೊರಳಿಗೆ ಗಂಟೆ ಕಟ್ಟಿದ ಕೆಂಪು ಬಿಳಿ ಮಚ್ಚೆಯ ಮೋಂಬೆಲಿಯಾರ್ಡ್ ಹಸುಗಳು. ಗಂಟೆಯ ಸದ್ದು ಕೇಳಿ ಅವ್ವ ಕಾರಿನ ಗಾಜು ಇಳಿಸಿದಳು. “ಸಂಜೆ ದನ ಬಂದಂಗೆ ಐತೆ” ಅಂದಳು.

ನಾವಿಳಿದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ಗಂಡನ ಜೊತೆ ಹಸು ಸಾಕಿ ಬದುಕಿದವಳು. ಈಗ ಹಸು ಮಗನ ಕೈಯಲ್ಲಿವೆ, ಅವಳು ಹಳೆಯ ಕೊಟ್ಟಿಗೆಯನ್ನು ಮನೆ ಮಾಡಿ ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಾಳೆ. ಅವಳಿಗೆ ಫ್ರೆಂಚ್ ಬಿಟ್ಟು ಬೇರೆ ಬರುವುದಿಲ್ಲ, ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಡುವೆ ನನ್ನ ಮಗಳ ಶಾಲೆಯ ಫ್ರೆಂಚ್. ಅವರಿಬ್ಬರ ಮಾತಿಗೆ ಅಷ್ಟು ಸಾಕಾಯಿತು.

ಅಲ್ಲಿಗೆ ಹೋದ ಸಂಜೆಯೇ ಅವ್ವ ಒಲೆ ಹಿಡಿದಳು. ಹುರುಳಿಕಾಳು ಸಾರಿನ ಘಮ ಅಂಗಳಕ್ಕೆಲ್ಲ ಹಬ್ಬಿತು. ಕಿವಿಗೆ ಆಹಾರ ತರಲು ನನ್ನ ಗಂಡ ಪೇಟೆಗೆ ಹೋಗಿದ್ದ, ಭಾನುವಾರ ಸಂಜೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವ್ವ ಮುದ್ದೆ ತೊಳಸಿದ ಪಾತ್ರೆಯ ತಳದಿಂದ ಒಂದು ತುತ್ತು ಕಿತ್ತು, ಬೆರಳಲ್ಲಿ ಒತ್ತಿ ಒತ್ತಿ ಆರಿಸಿದಳು. ಸಾರಿಗೆ ಹಾಕದೆ ಬಸಿದಿಟ್ಟಿದ್ದ ಬರೀ ಹುರುಳಿ ಕಟ್ಟಿನಲ್ಲಿ ಅದ್ದಿ, ಅಂಗಳದ ಕಲ್ಲಿನ ಮೇಲೆ ಇಟ್ಟಳು. ಕಿವಿ ಮೂಸಿತು, ತಲೆ ಎತ್ತಿ ಅವಳ ಮುಖ ನೋಡಿತು, ಆಮೇಲೆ ಒಂದೇ ಸಲಕ್ಕೆ ನುಂಗಿತು. ಅವ್ವ ಇನ್ನೊಂದು ತುತ್ತು ಕಿತ್ತಳು. ಊರಿನ ಜಗಲಿಯ ಕೆಳಗಿನ ನಾಯಿಗಳಿಗೆ ಜೀವಮಾನವಿಡೀ ಹಾಕಿದ ಮುದ್ದೆಯೇ ಇದು. ಆದರೆ ಊರಿನಲ್ಲಿ ಅವಳು ದೂರದಿಂದ ಎಸೆಯುತ್ತಿದ್ದಳು. ಇಲ್ಲಿ ಬಗ್ಗಿ ಇಟ್ಟಳು.

ಮರುದಿನ ಒಡತಿ ನಮ್ಮನ್ನು ಊರಿನ ಹಾಲಿನ ಸಂಘಕ್ಕೆ ಕರೆದೊಯ್ದಳು. ಕೋಂತೆ ಎಂಬ ಗಿಣ್ಣು ಅಲ್ಲಿ ತಯಾರಾಗುತ್ತದೆ. ಸುತ್ತಲಿನ ರೈತರು ಹಾಲು ತಂದು ಒಂದೇ ಕಡೆ ಸುರಿದು, ಒಟ್ಟಿಗೆ ಗಿಣ್ಣು ಮಾಡಿ, ಬಂದದ್ದನ್ನು ಹಂಚಿಕೊಳ್ಳುವ ಪದ್ಧತಿ ಜೂರಾದಲ್ಲಿ 13ನೇ ಶತಮಾನದಿಂದ ಇದೆ. ಸುಮಾರು 40 ಕಿಲೋ ತೂಗುವ ಒಂದು ಚಕ್ರದ ಗಿಣ್ಣಿಗೆ 400 ಲೀಟರಿನಷ್ಟು ಹಾಲು ಬೇಕು. ಒಬ್ಬ ರೈತನ ಕೊಟ್ಟಿಗೆಯಲ್ಲಿ ಹಿಂದೆ ಅಷ್ಟು ಹಾಲು ಎಲ್ಲಿತ್ತು? ಚಳಿಗಾಲಕ್ಕೆ ಹಾಲನ್ನು ಕೂಡಿಡಬೇಕಾದರೆ ಊರೇ ಕೂಡಬೇಕಿತ್ತು. ದೊಡ್ಡ ತಾಮ್ರದ ಕೊಪ್ಪರಿಗೆಗಳನ್ನು ನೋಡುತ್ತ ಅವ್ವ ತನ್ನ ಊರಿನ ಡೈರಿಯ ಕಥೆ ತೆಗೆದಳು. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ನಿಲ್ಲುವ ಸಾಲು, ಫ್ಯಾಟು ನೋಡುವ ಹುಡುಗ, ಹಾಸನದಿಂದ ಬರುವ ಹಾಲಿನ ಲಾರಿ, ವಾರದ ಬಟವಾಡೆ. ಮಗಳು ಒಂದೊಂದೇ ವಾಕ್ಯ ದಾಟಿಸಿದಳು. ಒಡತಿ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

ದನದ ಮಾತು ದನದ ಕಾಯಿಲೆಗೆ ತಿರುಗುವುದು ಹಾಲಿನವರಲ್ಲಿ ಸಹಜ. ಒಡತಿ ತನ್ನ ಮದುವೆಯ ಹೊಸತರ ಕಾಲದ್ದು ಹೇಳಿದಳು. 1968ರಲ್ಲಿ ಜರ್ಮನಿಯ ಗಡಿ ದಾಟಿ ನರಿಗಳ ಮೂಲಕ ಫ್ರಾನ್ಸಿಗೆ ಬಂದ ಹುಚ್ಚುರೋಗ ಕಾಡಿನಿಂದ ಕಾಡಿಗೆ ಹಬ್ಬುತ್ತ ಈ ಬೆಟ್ಟಗಳನ್ನೂ ಮುಟ್ಟಿತು. ಹಗಲು ಹೊತ್ತಿನಲ್ಲಿ ನರಿಗಳು ಅಂಗಳಕ್ಕೆ ಬರುತ್ತಿದ್ದವು, ಮನುಷ್ಯರಿಗೆ ಹೆದರುತ್ತಿರಲಿಲ್ಲ. ಮೇಯಲು ಬಿಟ್ಟ ಹಸುಗಳ ಮೂತಿಗೆ ಕಚ್ಚುತ್ತಿದ್ದವು. ಪಕ್ಕದ ಮನೆಯ ಹಸು ಒಂದು ದಿನ ಮೇವು ಬಿಟ್ಟಿತು, ಜೊಲ್ಲು ಸುರಿಸತೊಡಗಿತು, ಸ್ವರ ಒಡೆದು ಕೂಗಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವನು ಬಾಯೊಳಗೆ ಕೈ ಹಾಕಿ ನೋಡಿದ. ಆಮೇಲೆ ಇಡೀ ಮನೆಯವರೆಲ್ಲ ಸೂಜಿ ಹಾಕಿಸಿಕೊಳ್ಳಬೇಕಾಯಿತು.

ಅವ್ವ ಮಗಳ ತರ್ಜುಮೆ ಮುಗಿಯಲೂ ಬಿಡಲಿಲ್ಲ. “ನಮ್ಮಲ್ಲೂ ಹಂಗೇ ಕೈ ಹಾಕ್ತಾರೆ. ನಮ್ಮಲ್ಲೂ ಗಂಟ್ಲಲ್ಲಿ ಏನೋ ಸಿಕ್ಕೈತೆ ಅಂತ್ಲೇ ಅಂದ್ಕೊಳ್ಳೋದು. ಕೇಳು, ಆಮೇಲೆ ಏನು ಮಾಡಿದ್ರು ಇವ್ರು?” ಅಂದಳು.

ಏನು ಮಾಡಿದರು ಎಂಬುದು ನಾನು ಕೇಳಿದ ಅತ್ಯಂತ ಸುಂದರ ಕಥೆಗಳಲ್ಲೊಂದು. ನರಿಗಳನ್ನು ಕೊಂದು ನೋಡಿದರು, ರೋಗ ನಿಲ್ಲಲಿಲ್ಲ. ಒಂದು ನರಿ ಸತ್ತ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ ಒಂದು ಹೊಸ ಪ್ರಯೋಗ ಮಾಡಿದರು. ಕೋಳಿ ತಲೆಗಳೊಳಗೆ ಲಸಿಕೆ ಅಡಗಿಸಿ ಕಣಿವೆಯಲ್ಲಿ ಹಾಕಿದರು. ನರಿ ಕೋಳಿ ತಲೆ ತಿಂದಿತು, ಲಸಿಕೆ ಬಾಯೊಳಗೆ ತಾಗಿತು, ರೋಗ ಅಲ್ಲಿಗೆ ನಿಂತಿತು. ಫ್ರಾನ್ಸು 1986ರಿಂದ ಇದೇ ದಾರಿ ಹಿಡಿಯಿತು. ಆ ಮೇಲಿನ ವರ್ಷಗಳಲ್ಲಿ ಲಸಿಕೆ ತುಂಬಿದ ತುತ್ತುಗಳನ್ನು ಹೆಲಿಕಾಪ್ಟರಿನಿಂದ ಕಾಡುಗಳ ಮೇಲೆ ಉದುರಿಸಿದರು. ನಮ್ಮ ಒಡತಿ ತೋಟದಲ್ಲಿ ನಿಂತು ಅದನ್ನು ನೋಡಿದ್ದಳು, ಮಕ್ಕಳಿಗೆ ಆ ತುತ್ತು ಮುಟ್ಟಬೇಡಿ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. 2001ರಲ್ಲಿ ಫ್ರಾನ್ಸ್ ಹುಚ್ಚುರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ತನಗೆ ಶತ್ರುವಾಗಿದ್ದ ಕಾಡಿನ ನರಿಗೆ ಮನುಷ್ಯ ಊಟದಲ್ಲಿ ಮದ್ದಿಟ್ಟು, ಅದನ್ನು ಬದುಕಿಸಿ, ತಾನೂ ಬದುಕಿದ.

ಅರ್ಬ್ವಾಗೆ ನಾವು ಬಂದದ್ದು ಗಿಣ್ಣಿಗಾಗಿ, ಬೆಟ್ಟಕ್ಕಾಗಿ. ಆದರೆ ಈ ಊರಿನ ಹೊಳೆ ದಂಡೆಯಲ್ಲಿ ಲೂಯಿ ಪಾಶ್ಚರನ ಮನೆ ಇದೆ. 1822ರಲ್ಲಿ ಹತ್ತಿರದ ದೋಲ್ ಎಂಬಲ್ಲಿ ಹುಟ್ಟಿದ ಆತ ಬೆಳೆದದ್ದು ಇಲ್ಲಿ. ಅಪ್ಪ ಚರ್ಮ ಹದ ಮಾಡುವವನು, ಹೊಳೆಯ ನೀರಿಗೆ ಹತ್ತಿರವೇ ಮನೆ. ದೊಡ್ಡವನಾದ ಮೇಲೂ ಬೇಸಿಗೆಯಲ್ಲಿ ಪ್ಯಾರಿಸ್ಸಿನಿಂದ ಇಲ್ಲಿಗೇ ಬರುತ್ತಿದ್ದ, ಮನೆಯನ್ನು ವಿಸ್ತರಿಸಿ ಅದರಲ್ಲೇ ಪ್ರಯೋಗಶಾಲೆ ಇಟ್ಟುಕೊಂಡಿದ್ದ. ಮನೆ ಈಗ ವಸ್ತುಸಂಗ್ರಹಾಲಯ. ನಾನು, ಅವ್ವ, ಮಗಳು ಒಳಗೆ ಹೋದಾಗ ನನ್ನ ಗಂಡ ಕಿವಿಯನ್ನು ಹಿಡಿದು ಹೊಳೆ ಬದಿಯಲ್ಲಿ ಕೂತ.

ಪಾಶ್ಚರನ ಹುಡುಗತನದ ಒಂದು ಘಟನೆ ಅವನ ಜೀವನ ಬರೆದವರೆಲ್ಲ ಹೇಳುವಂಥದು. 1831ರಲ್ಲಿ, ಅವನಿಗೆ ಎಂಟು ವರ್ಷವಾಗಿದ್ದಾಗ, ಹುಚ್ಚು ಹಿಡಿದ ತೋಳವೊಂದು ಅರ್ಬ್ವಾದ ಸುತ್ತ ಜನರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ತಂದು, ಕಾದ ಕಬ್ಬಿಣದಿಂದ ಗಾಯ ಸುಟ್ಟರು. ಅದನ್ನು ಹುಡುಗ ಕಂಡಿದ್ದ. ಹಾಗಿದ್ದೂ ಹಲವರು ಸತ್ತರು. ಅರ್ಧ ಶತಮಾನ ಕಳೆದ ಮೇಲೆ, 1885ರ ಜುಲೈ 6ರಂದು, ಅಲ್ಸೇಸಿನಿಂದ ಒಬ್ಬ ತಾಯಿ ಹುಚ್ಚುನಾಯಿ ಕಚ್ಚಿದ ತನ್ನ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರನನ್ನು ಪ್ಯಾರಿಸ್ಸಿಗೆ ಕರೆತಂದಳು. ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆ ಮೊದಲ ಬಾರಿಗೆ ಅವನ ಮೈ ಸೇರಿತು. ಹುಡುಗ ಉಳಿದ. ಎರಡನೆಯವನು ಈ ಜೂರಾದವನೇ. ಅರ್ಬ್ವಾಗೆ ಹತ್ತಿರದ ವಿಲೆರ್ಸ್ ಫಾರ್ಲೆ ಹಳ್ಳಿಯ ದನಕಾಯುವ ಹುಡುಗ, ಹದಿನೈದು ವರ್ಷದ ಜ್ಯುಪಿಯ್. ಹುಚ್ಚುನಾಯಿ ಚಿಕ್ಕ ಹುಡುಗರ ಮೇಲೆ ನುಗ್ಗಿದಾಗ ಅವರನ್ನು ಓಡಿಸಿ ತಾನು ಎದುರು ನಿಂತು, ಚಾಟಿಯ ಹಗ್ಗದಿಂದ ಅದರ ಬಾಯಿ ಕಟ್ಟಿ ಕೊಂದ. ಕೈಗಳೆಲ್ಲ ಕಚ್ಚಿಹೋಗಿದ್ದವು. ಊರಿನ ಮೇಯರ್ ಪಾಶ್ಚರನಿಗೊಂದು ಕಾಗದ ಬರೆದ. ಹುಡುಗನನ್ನು ಕಳಿಸಿ ಅಂತ ಉತ್ತರ ಬಂತು. ಅವನೂ ಉಳಿದ.

ಮಗಳು ಇದನ್ನೆಲ್ಲ ಅಜ್ಜಿಯ ಕಿವಿಯಲ್ಲಿ ಹೇಳುತ್ತ ಬಂದಳು. ಹೊರಗೆ ಬಂದು ಹೊಳೆ ದಂಡೆಯ ಕಲ್ಲುಕಟ್ಟೆಯ ಮೇಲೆ ಕೂತಾಗ ಅವ್ವ ನಾನು ಯಾವತ್ತೂ ಕೇಳಿರದ ಕಥೆ ಹೇಳಿದಳು.

ಅವಳ ಹುಟ್ಟೂರಿನಲ್ಲಿ ಪಕ್ಕದ ಮನೆಯ ಹುಡುಗನೊಬ್ಬನಿದ್ದ, ಅವಳದೇ ವಯಸ್ಸು. ಕುರಿ ಮೇಯಿಸಲು ಹೋದವನಿಗೆ ಹುಚ್ಚುನಾಯಿ ಮೀನಖಂಡಕ್ಕೆ ಕಚ್ಚಿತು. ದೊಡ್ಡವರು ಬೇರು ಕೊಡುವವನ ಹತ್ತಿರ ಕರೆದೊಯ್ದರು, ಪಥ್ಯ ಮಾಡಿಸಿದರು. ಗಾಯ ಮಾಯಿತು. ಹುಡುಗ ಮತ್ತೆ ಕುರಿ ಹೊಡೆದುಕೊಂಡು ಹೋಗತೊಡಗಿದ, ಇವಳ ಜೊತೆ ಹುಣಸೆಹಣ್ಣು ಆಯ್ದ. ಒಂದೆರಡು ತಿಂಗಳು ಕಳೆದ ಮೇಲೆ ಜ್ವರ ಬಂತು. ಚೊಂಬಿನಲ್ಲಿ ನೀರು ತಂದರೆ ಕಿರುಚತೊಡಗಿದ. ಗಾಳಿ ಬೀಸಿದರೂ ಗಂಟಲು ಹಿಡಿದುಕೊಳ್ಳುತ್ತಿದ್ದ. ಅವನನ್ನು ಕೊಟ್ಟಿಗೆಗೆ ಹಾಕಿ ಅಗುಳಿ ಹಾಕಿದರು. ಮಕ್ಕಳನ್ನೆಲ್ಲ ಬೇರೆ ಮನೆಗೆ ಕಳಿಸಿದರು. “ಅವರವ್ವ ಬಾಗ್ಲತ್ರ ಕೂತಿದ್ದೋಳು ಏಳ್ಲೇ ಇಲ್ಲ. ನೀರೂ ಕೊಡಂಗಿಲ್ಲ, ಮುಟ್ಟಂಗೂ ಇಲ್ಲ. ಎಲ್ಲಾ ಮುಗೀವರ್ಗೂ ಅಲ್ಲೇ ಕೂತಿದ್ಲು,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಇವ್ರ ಮೇಯರ್ರು ಬರೆದಂಗೆ ನಮ್ಮೂರಲ್ಲೂ ಯಾರಾದ್ರೂ ಒಂದು ಕಾಗ್ದ ಬರೆದಿದ್ರೆ ಆ ಹುಡ್ಗ ಉಳೀತಿದ್ದ ಅಲ್ವಾ ಮಗಾ?” ಅಂತ ಕೇಳಿದಳು.

ಉಳಿಯುತ್ತಿದ್ದ. ಕಸೌಲಿಯಲ್ಲಿ 1900ರಲ್ಲೇ, ನಮಗೆ ಹತ್ತಿರದ ಕೂನೂರಿನಲ್ಲಿ 1907ರಲ್ಲೇ ಪಾಶ್ಚರನ ಹೆಸರಿನ ಸಂಸ್ಥೆಗಳು ಈ ಮದ್ದು ಕೊಡುವುದಕ್ಕೆಂದು ಶುರುವಾಗಿದ್ದವು. ಅವ್ವನ ಬಾಲ್ಯದ ಹೊತ್ತಿಗೆ ಜಿಲ್ಲಾ ಆಸ್ಪತ್ರೆಗಳಿಗೆ ಲಸಿಕೆ ಬಂದಿತ್ತು. ಹೊಕ್ಕುಳಿನ ಸುತ್ತ ಹಾಕುವ ಹದಿನಾಲ್ಕು ಸೂಜಿಗಳ ಹೆದರಿಕೆ ನಮ್ಮ ತಲೆಮಾರಿನವರಿಗೂ ನೆನಪಿದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶ ನಿಲ್ಲಿಸಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಈಗ ತೋಳಿಗೆ ಹಾಕುವ ಕೆಲವೇ ಸೂಜಿ. ಕಚ್ಚಿದ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು, ಆಸ್ಪತ್ರೆಗೆ ಹೋದರೆ ಜೀವ ಉಳಿಯುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಇಂದಿಗೂ ಮಾಡಲು ಏನೂ ಉಳಿದಿರುವುದಿಲ್ಲ. ಮದ್ದು ಇತ್ತು, ಮದ್ದಿನ ಸುದ್ದಿ ಆ ಹಳ್ಳಿಗೆ ಬಂದಿರಲಿಲ್ಲ. ಅವ್ವ ನಾಯಿಗಳನ್ನು ದ್ವೇಷಿಸುತ್ತಿರಲಿಲ್ಲ ಅಂತ ನನಗೆ ಆ ಕಟ್ಟೆಯ ಮೇಲೆ ಗೊತ್ತಾಯಿತು. ಅವಳು ಆ ಕೊಟ್ಟಿಗೆಯ ಬಾಗಿಲನ್ನು ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದಳು.

ವಾಪಸು ಹೊರಡುವ ಮುನ್ನ ಕಿವಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಬ್ರಿಟನ್ನಿಗೆ ಮರಳುವ ನಾಯಿಗೆ, ಒಳಬರುವುದಕ್ಕೆ 24 ಗಂಟೆಗೆ ಕಡಿಮೆಯಿಲ್ಲದಷ್ಟು, 120 ಗಂಟೆಗೆ ಮೀರದಷ್ಟು ಮುಂಚೆ ಪಶುವೈದ್ಯರು ಲಾಡಿಹುಳದ ಮದ್ದು ಕೊಡಬೇಕು. ಜೂರಾದ ನರಿಗಳಲ್ಲಿರುವ ಒಂದು ಲಾಡಿಹುಳ ಮನುಷ್ಯರ ಯಕೃತ್ತನ್ನು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಅದಿಲ್ಲ, ಬರದಂತೆ ನೋಡಿಕೊಳ್ಳಬೇಕು. ಪೇಟೆಯ ಪಶುವೈದ್ಯ ಕಿವಿಯನ್ನು ತೂಗಿ, ಮಾತ್ರೆ ಲೆಕ್ಕಹಾಕಿ, ಮೇಜಿನ ಖಾನೆಯಿಂದ ಕೋಂತೆಯ ಒಂದು ಅಂಚು ತೆಗೆದ. ಹೆಬ್ಬೆರಳಿನಿಂದ ಗಿಣ್ಣನ್ನು ಒತ್ತಿ ಗುಳಿ ಮಾಡಿ, ಮಾತ್ರೆ ಇಟ್ಟು, ಮುಚ್ಚಿ, ಅಂಗೈ ಮೇಲೆ ಹಿಡಿದ. ಕಿವಿ ನಾಲಗೆಯಲ್ಲಿ ಒಮ್ಮೆ ಹೊರಳಿಸಿ ನುಂಗಿತು. ಅವನು ಕೆಳದವಡೆ ಹಿಡಿದು ಬಾಯಿ ಬಿಡಿಸಿ ನಾಲಗೆಯಡಿ ನೋಡಿ, ಗಡಿಯಾರ ನೋಡಿ, ದಿನಾಂಕದ ಪಕ್ಕ ಗಂಟೆ ನಿಮಿಷ ಬರೆದು ಮುದ್ರೆ ಒತ್ತಿದ. ನರಿಗಳಿಗೆ ತುತ್ತಿನೊಳಗೆ ಮದ್ದಿಟ್ಟ ಊರು ಇದೇ ತಾನೇ ಅಂತ ಅವ್ವ ಮೆಲ್ಲಗೆ ನಕ್ಕಳು.

ಕಲೇಯಲ್ಲಿ ರೈಲು ಹತ್ತುವ ಮುಂಚೆ ನಾಯಿಗಳಿಗೊಂದು ಪ್ರತ್ಯೇಕ ಕಟ್ಟಡವಿದೆ. ಕಿಟಕಿಯ ಹಿಂದಿನವಳು ಕಾಗದ ತೆಗೆದುಕೊಂಡು ಒಂದು ಸ್ಕ್ಯಾನರನ್ನು ನನ್ನ ಕೈಗೆ ಕೊಟ್ಟಳು. ನಾನೇ ಅದನ್ನು ಕಿವಿಯ ಹೆಗಲ ನಡುವೆ ಆಡಿಸಬೇಕು. ಬೀಪ್ ಅಂತು, ಹದಿನೈದು ಅಂಕಿಗಳು ಮೂಡಿದವು. ಅವಳು ಒಂದೊಂದನ್ನೂ ಬೆರಳಿಟ್ಟು ಹೋಲಿಸಿ, ಹೋಗಿ ಅಂದಳು. ಹಿಂದೆ ಹೀಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿಯುವಾಗ ಸೈನಿಕರು ಕದ್ದು ತಂದ ನಾಯಿಗಳಿಂದ 1918ರಲ್ಲಿ ಬ್ರಿಟನ್ನಿಗೆ ಹುಚ್ಚುರೋಗ ಮತ್ತೆ ಬಂತು, 1922ರ ಹೊತ್ತಿಗೆ ಅದನ್ನು ತೊಲಗಿಸಿದರು. ಆಮೇಲೆ ದಶಕಗಳ ಕಾಲ ಹೊರಗಿನಿಂದ ಬಂದ ಪ್ರತಿ ನಾಯಿಯೂ ಆರು ತಿಂಗಳು ಪ್ರತ್ಯೇಕ ಬೋನಿನಲ್ಲಿ ಇರಬೇಕಿತ್ತು. ಲಸಿಕೆ ಮತ್ತು ಚಿಪ್ಪನ್ನು ನಂಬಿ ಆ ಬೋನಿನ ಬಾಗಿಲು ತೆಗೆದದ್ದು 2000ದಲ್ಲಿ. ನಮ್ಮ ಕಿವಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತ ಸಮುದ್ರ ದಾಟಿದ್ದರ ಹಿಂದೆ ಇಷ್ಟೆಲ್ಲ ಇದೆ.

ಹಾಗೆಯೇ ಬೆಂಗಳೂರಿನಿಂದ ತನ್ನ ನಾಯಿಯನ್ನು ಇಲ್ಲಿಗೆ ತಂದ ಗೆಳತಿಯೂ ನೆನಪಾದಳು. ಲಸಿಕೆಯ ನಂತರ ಕನಿಷ್ಠ 30 ದಿನ ಬಿಟ್ಟು ನಾಯಿಯ ರಕ್ತ ತೆಗೆಸಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ಅದರಲ್ಲಿ ಸಾಕಷ್ಟು ರೋಗನಿರೋಧಕ ಶಕ್ತಿ ಇದೆ ಅಂತ ಬರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಭಾರತದಿಂದ ಬರುವ ನಾಯಿಗೆ ಬ್ರಿಟನ್ ಕೂಡ, ಯುರೋಪಿನ ಒಕ್ಕೂಟ ಕೂಡ ಇದನ್ನೇ ಹೇಳುತ್ತವೆ. ಕಿವಿಗೆ 21 ದಿನ ಸಾಕಾದದ್ದು ಅದು ಹುಟ್ಟಿದ ನೆಲದಿಂದ. ನಮ್ಮ ನಾಯಿಗಳನ್ನು ಹೀಗೆ ಅನುಮಾನಿಸುತ್ತಾರಲ್ಲ ಅಂತ ನನಗೆ ಸಿಟ್ಟು ಬರಲಿಲ್ಲ. ಜಗತ್ತಿನ ಹುಚ್ಚುರೋಗದ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ, ಸಾಯುವವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಆ ಮೂರು ತಿಂಗಳ ಕಾಯುವಿಕೆ ಗಡಿಯವರ ಹಟವಲ್ಲ, ನಮ್ಮ ಬೀದಿಗಳ ವರದಿ.

ಈ ವರದಿಯನ್ನು ಬದಲಾಯಿಸಲು ಬರುತ್ತದೆ. ಮನುಷ್ಯರಿಗೆ ತಗಲುವ ಹುಚ್ಚುರೋಗದಲ್ಲಿ ನೂರಕ್ಕೆ 99 ನಾಯಿಗಳಿಂದಲೇ ಬರುತ್ತದೆ. ಒಂದು ಪ್ರದೇಶದ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಕೊಲ್ಲುವುದು ಬೇಡ, ನರಿಗಳ ಪಾಠವೂ ಅದೇ. ನಮ್ಮ ನೆರೆಯ ಗೋವಾದಲ್ಲಿ ಬಲೆ ಹಿಡಿದು ಬೀದಿ ಬೀದಿ ಸುತ್ತಿ, ವರ್ಷ ವರ್ಷವೂ ನಾಯಿಗಳಿಗೆ ಲಸಿಕೆ ಹಾಕಿದರು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಿಕೊಟ್ಟರು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಕಾರವಾರದ ಗಡಿಯಾಚೆ ಆದದ್ದು ಈಚೆ ಆಗದಿರಲು ಯಾವ ಕಾರಣವೂ ಇಲ್ಲ.

ಅವ್ವ ಊರಿಗೆ ಮರಳಿದ್ದು ಸೆಪ್ಟೆಂಬರಿನಲ್ಲಿ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ನಮ್ಮ ಪಶು ಆಸ್ಪತ್ರೆಗಳಲ್ಲಿ ಆ ಹೊತ್ತಿನಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುವುದುಂಟು. ಅವಳು ಪಕ್ಕದ ಮನೆಯ ಹುಡುಗರನ್ನು ಸೇರಿಸಿಕೊಂಡು, ಜಗಲಿಯ ಕೆಳಗೆ ಮಲಗುವ ನಾಯಿಗಳಿಗೆ ಮುದ್ದೆ ತೋರಿಸಿ ಹತ್ತಿರ ಕರೆದು, ಆಟೊದಲ್ಲಿ ಹಾಕಿಕೊಂಡು ಹೋಗಿ ಸೂಜಿ ಹಾಕಿಸಿ ಬಂದಳಂತೆ. “ಡಾಕ್ಟ್ರು ಚೀಟಿ ಕೊಟ್ಟವ್ರೆ, ತಾರೀಕೂ ಬರ್ದವ್ರೆ. ನಿನ್ ಕಿವೀದು ಇದ್ದಂಗೇ ಐತೆ,” ಅಂದಳು ಫೋನಿನಲ್ಲಿ. ಬರುವ ವರ್ಷ ಊರಿನ ಉಳಿದ ನಾಯಿಗಳದೂ ಆಗಬೇಕು ಅಂತ ಪಂಚಾಯಿತಿಯಲ್ಲಿ ಹೇಳಿ ಬಂದಿದ್ದಾಳೆ.

ನಮ್ಮೂರಿನ ನಾಯಿಗೂ ಆ 21 ದಿನಗಳೇ ಸಾಕಾಗುವ ಕಾಲ ಬರಬೇಕು. ಅದು ಫ್ರಾನ್ಸಿಗೆ ಹೋಗಲಿ, ಜಗಲಿಯ ಕೆಳಗೇ ಮಲಗಿರಲಿ, ಆ ಅರ್ಹತೆ ಇಡೀ ಊರಿಗೆ ಸಿಕ್ಕಂತೆ. ನಾಯಿಯ ಕಾಗದ ಸರಿಯಿರುವ ಊರಿನಲ್ಲಿ ಕುರಿ ಮೇಯಿಸಲು ಹೋದ ಹುಡುಗ ಸಂಜೆ ಮನೆಗೆ ಬಂದು, ಚೊಂಬೆತ್ತಿ ಗಟಗಟ ನೀರು ಕುಡಿಯುತ್ತಾನೆ. ಅದಕ್ಕೆ ಬೇಕಾದ ಮದ್ದು ಅರ್ಬ್ವಾದ ಚರ್ಮಗಾರನ ಮಗ ಕೊಟ್ಟು ಶತಮಾನ ದಾಟಿದೆ. ಅದನ್ನು ನಮ್ಮ ಬೀದಿಗೆ ತಂದು ಹಾಕಿಸುವ ಕೆಲಸ ನಮ್ಮದು.